ಭಾನುವಾರವೂ ಜವಾಬು ಬರೆಯೋ ಮಿಷಿನ್ನೂ ಸಾಬರ ಪಾರಿವಾಳವೂ

ಅಲ್ಲ ಸ್ವಾಮಿ, ‘ಆಗ ಇಂಟರ್ನೆಟ್ಟಲ್ಲಿ ಏನೇನು ನೋಡ್ತಿದ್ರಿ’ ಅಂತ ಕೇಳ್ತೀರಲ್ಲ, ನೋಡೋದು ಎಲ್ಲಿಂದ ಬಂತು? ನಾವು ಇಂಟರ್ನೆಟ್ಟಿಗೆ ಕಾಗದ ಬರೀತಿದ್ವಿ. ಬರೆದು, ಕಳಿಸಿ, ಮನೆಗೆ ಹೋಗಿ ಊಟ ಮಾಡಿ ಮಲಗ್ತಿದ್ವಿ. ಅದಕ್ಕೆ ಪುರುಸೊತ್ತಾದಾಗ ಜವಾಬು ಬರೀತಿತ್ತು. ಬಣ್ಣ ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆ, ಬಿಳೀ ಅಕ್ಷರ. ಅಷ್ಟಕ್ಕೇ ನಾವು ಬಾಯಿ ಬಿಟ್ಕೊಂಡು ಕೂತಿರ್ತಿದ್ವಿ. ಈಗ ಜ್ಞಾಪಿಸಿಕೊಂಡ್ರೂ ನನ್ನ ಬಾಯಿ ಪೂರ್ತಿ ಮುಚ್ಚಲ್ಲ. ಅಂಥಾ ದೊಡ್ಡ ವಿಷಯದ ಮಧ್ಯೆ ನಾವು ಸಣ್ಣ ಜನ ಇದ್ದದ್ದರಿಂದ ಏನಾದ್ರೂ ಒಂದು ಎಡವಟ್ಟು ಆಗ್ತಾನೇ ಇತ್ತು.

ತೊಂಬತ್ತರ ದಶಕದ ನಡುಮಧ್ಯದ ಮಾತು. ಚಾಮರಾಜನಗರ ಆಗಿನ್ನೂ ಜಿಲ್ಲೆ ಆಗಿರಲಿಲ್ಲ. ರೇಷ್ಮೆ ಬೆಳೆಯೋರಿಗೆ ಸಲಹೆ ಕೊಡೋ ಒಂದು ಸಣ್ಣ ಸಂಸ್ಥೇಲಿ ನಾನು ಟೈಪಿಸ್ಟು. ಯಾರೋ ದಾನಿಗಳು ಒಂದು ಕಂಪ್ಯೂಟರ್ ಕೊಟ್ಟರು. ಟೈಪ್ ರೈಟರಿನ ಅಕ್ಷರಗಳು ಯಾವ ಜಾಗದಲ್ಲಿದ್ವೋ ಅದರಲ್ಲೂ ಅದೇ ಜಾಗದಲ್ಲಿದ್ವು. ಅಷ್ಟೇ ಅರ್ಹತೆ ಮೇಲೆ ನನ್ನನ್ನ ಕಂಪ್ಯೂಟರ್ ಆಪರೇಟರ್ ಮಾಡಿಬಿಟ್ರು.

ಹೆಗ್ಗಣ

ಕಂಪ್ಯೂಟರಿಗೂ ಫೋನಿಗೂ ನಡುವೆ ಮೋಡೆಮ್ಮು ಅಂತ ಒಂದು ಪೆಟ್ಟಿಗೆ. ಅದು ಬೆಂಗಳೂರಿಗೆ ಫೋನ್ ಮಾಡಿ ನಮ್ಮ ಇಮೇಲು ಕೊಟ್ಟು, ನಮಗೆ ಬಂದಿದ್ದನ್ನ ಇಸ್ಕೊಂಡು ಬರಬೇಕು. ಮೊದಲನೇ ದಿನ ನಂಬರು ಹಚ್ಚಿದೆ. ಪೆಟ್ಟಿಗೆ ಕೀಂ ಅಂತು, ಗೊರ್ರ್ ಅಂತು, ಆಮೇಲೆ ಯಾರೋ ಬಾಲ ತುಳಿದ ಹಾಗೆ ಕಿರುಚೋಕೆ ಶುರು ಮಾಡ್ತು.

ನಮ್ಮ ಅಟೆಂಡರು ಉಮ್ಮತ್ತೂರಿನೋನು. ಪೊರಕೆ ಹಿಡ್ಕೊಂಡು ಓಡಿ ಬಂದ.

“ಸಾ, ಅಲ್ಲಾಡ್ಬ್ಯಾಡಿ! ಒಳಗೆ ಹೆಗ್ಣ ಸಿಕ್ಕಾಕೊಂಡದೆ!”

“ಹೆಗ್ಗಣ ಅಲ್ಲ ಕಣಪ್ಪ. ಬೆಂಗಳೂರಲ್ಲಿರೋ ಮಿಷಿನ್ ಜೊತೆ ನಮ್ಮ ಮಿಷಿನ್ನು ಮಾತಾಡ್ತಾ ಇದೆ.”

ಅವನು ಪೊರಕೆ ಕಂಕುಳಲ್ಲಿ ಸಿಕ್ಕಿಸ್ಕೊಂಡು ಗಮನ ಇಟ್ಟು ಕೇಳಿದ. ಆ ಕಡೆದು ಕಿರುಚ್ತು, ಈ ಕಡೆದು ಕಿರುಚ್ತು, ಎರಡೂ ಸೇರಿ ಕಿರುಚಿದವು. ಆಮೇಲೆ ಗಪ್ ಅಂತ ನಿಂತೋಯ್ತು.

“ಬುಡಿ ಸಾ,” ಅಂದ ಅಟೆಂಡರು, “ಬೆಂಗ್ಳೂರ್ದು ಒಪ್ಕತ್ತು.”

ಭಾನುವಾರದ ಡ್ಯೂಟಿ

ನಮಗಿದ್ದದ್ದು ಬರೀ ಇಮೇಲು. ಇಂಟರ್ನೆಟ್ಟು ಅನ್ನೋದು ದೊಡ್ಡ ಊರಿನೋರಿಗೆ. ಆದ್ರೆ ಇಮೇಲು ಒಂದಿದ್ರೆ ಸಾಕು, ಇಂಟರ್ನೆಟ್ಟಲ್ಲಿರೋದನ್ನೆಲ್ಲ ತರಿಸ್ಕೋಬಹುದು ಅಂತ ಯಾರೋ ಪುಣ್ಯಾತ್ಮ ಒಂದು ಗೈಡು ಬರೆದಿದ್ದ. ಅದೂ ಇಮೇಲಲ್ಲೇ ಕೈಯಿಂದ ಕೈಗೆ ದಾಟಿ ನನ್ನ ತನಕ ಬಂತು. ಅದರಲ್ಲಿದ್ದದ್ದು ಇಷ್ಟು: ಪ್ರಪಂಚದಲ್ಲಿ ಅಲ್ಲೊಂದು ಇಲ್ಲೊಂದು ಮಿಷಿನ್ನು ಕೂತಿದೆ. ಅದರ ವಿಳಾಸಕ್ಕೆ ನಿಮಗೇನು ಬೇಕು ಅಂತ ಅದರ ಭಾಷೇಲಿ, ಸಾಲಿಗೊಂದು ಆಜ್ಞೆ ಬರೀಬೇಕು. ಅದು ಓದಿ, ಉಗ್ರಾಣಕ್ಕೆ ಹೋಗಿ, ಹುಡುಕಿ ತಂದು ನಿಮಗೆ ಇಮೇಲ್ ಮಾಡ್ತದೆ. ಏನೂ ಗೊತ್ತಿಲ್ಲದೋರು ಬರೀ ‘ಹೆಲ್ಪ್’ ಅಂತ ಬರೆದ್ರೆ, ಹೇಗೆ ಕೇಳಬೇಕು ಅನ್ನೋದನ್ನ ಅದೇ ಹೇಳಿಕೊಡ್ತದೆ.

ನಾನು ನಂಬಲಿಲ್ಲ. ಆದ್ರೂ ಶನಿವಾರ ಆಫೀಸು ಮುಚ್ಚೋ ಮುಂಚೆ ‘ಹೆಲ್ಪ್’ ಅಂತ ಒಂದೇ ಮಾತು ಬರೆದು ಕಳಿಸಿದೆ. ಸೋಮವಾರ ಬಂದು ನಂಬರು ಹಚ್ಚಿ ನೋಡಿದ್ರೆ ಜವಾಬು ಕೂತಿದೆ! ಪುಟಗಟ್ಟಲೆ. ಸಮುದ್ರದ ಆಚೆ ಎಲ್ಲೋ, ನಾನು ನಕ್ಷೇಲೂ ನೋಡಿಲ್ಲದ ಊರಲ್ಲಿ, ಚಾಮರಾಜನಗರದ ಟೈಪಿಸ್ಟಿಗೆ ಅಂತ ಒಂದು ಮಿಷಿನ್ನು ಜವಾಬು ಬರೆದಿದೆ. ಎದ್ದು ಹೋಗಿ ಕಾರ್ಯದರ್ಶಿಗಳನ್ನ ಕರ್ಕೊಂಡು ಬಂದೆ.

ನಮ್ಮ ಕಾರ್ಯದರ್ಶಿಗಳು ರೆವಿನ್ಯೂ ಇಲಾಖೇಲಿ ಶಿರಸ್ತೇದಾರ್ ಆಗಿ ರಿಟೈರ್ ಆದೋರು. ಊರೆಲ್ಲ ಅವರನ್ನ ಇನ್ನೂ ಶಿರಸ್ತೇದಾರ್ರು ಅಂತಲೇ ಕರೀತಿತ್ತು. ಕನ್ನಡಕ ಏರಿಸಿ ಅವರು ಮೊದಲು ನೋಡಿದ್ದು ತಾರೀಖು.

“ಇದು ನಿನ್ನೆ ತಾರೀಖು ಕಣಯ್ಯ! ಭಾನುವಾರ ಆಫೀಸಿಗೆ ಬಂದು ಜವಾಬು ಬರೆದಿದ್ದಾನೆ!”

“ಮನುಷ್ಯ ಅಲ್ಲ ಸಾರ್, ಮಿಷಿನ್ನು.”

“ಮಿಷಿನ್ನಾದ್ರೇನು? ಬಾಗಿಲ ಬೀಗ ತೆಗೆಯೋಕಾದ್ರೂ ಒಬ್ಬ ಬರಬೇಕಲ್ಲ.”

ಆಕಾಶ ನೋಡೋ ಹಕ್ಕಿ

ವಾರಕ್ಕೊಂದು ಸಲ ನಾನು ಗುಂಡ್ಲುಪೇಟೆ ಶಾಖೆಗೆ ಹೋಗ್ತಿದ್ದೆ. ಶಾಖೆ ಅಂದ್ರೆ ಮಹಡಿ ಮೇಲೆ ಒಂದು ರೂಮು, ಒಂದು ಫೋನು. ಕೆಳಗಡೆ ತಗಡಿನ ಟ್ರಂಕು ಮಾಡೋ ಸಾಬರ ಅಂಗಡಿ. ರೂಮಿನ ಬೀಗದ ಕೈ ಅವರ ಹತ್ರಾನೇ ಇರ್ತಿತ್ತು, ಫೋನ್ ಬಂದ್ರೆ ಅವರೇ ಮೆಟ್ಟಿಲು ಹತ್ತಿ ಹೋಗಿ ಎತ್ತೋರು. ಬೆಳಿಗ್ಗೆಯಿಂದ ಸಂಜೆ ತನಕ ತಗಡು ಬಡಿಯೋ ಸಾಬರಿಗೆ ಅದಾದ ಮೇಲೆ ಲೋಕದಲ್ಲಿ ಬೇಕಾಗಿದ್ದು ಒಂದೇ, ಮನೆ ತಾರಸಿ ಮೇಲಿನ ಪಾರಿವಾಳ. ಬೂದು ಬಣ್ಣದ ಒಂದು ಹೆಣ್ಣು ಹಕ್ಕಿ ಇತ್ತು. ಅದು ಎದ್ದರೆ ಇಡೀ ಹಿಂಡು ಏಳ್ತಿತ್ತು, ಇಳಿದರೆ ಇಳೀತಿತ್ತು. ಅದನ್ನ ಸಾಬರು ‘ಬೇಗಂ’ ಅಂತ ಕರೀತಿದ್ರು. ಮನೇಲಿ ಇದ್ದ ನಿಜವಾದ ಬೇಗಂಗೆ ಈ ಬಗ್ಗೆ ಬೇಸರ ಇತ್ತು ಅಂತ ಕೇಳಿದ್ದೆ.

ಒಂದಿನ ಹೋದ್ರೆ ಅಂಗಡೀಲಿ ಬಡಿಯೋ ಸದ್ದೇ ಇಲ್ಲ. ಸಾಬರು ಹಕ್ಕೀನ ತೊಡೆ ಮೇಲಿಟ್ಕೊಂಡು ಕೂತಿದ್ದಾರೆ. ಅದರ ಕತ್ತು ತಿರುಚಿಕೊಂಡು, ತಲೆ ಕೆಳಗಾಗಿ, ಕಣ್ಣು ಆಕಾಶ ನೋಡ್ತಾ ಇದೆ. ಮುಂದೆ ಕಾಳು ಹಾಕಿದ್ರೆ ಕೊಕ್ಕು ಕಾಳಿನ ಪಕ್ಕದ ನೆಲಕ್ಕೆ ಕುಟ್ಟುತ್ತೆ. ಮತ್ತೆ ಕುಟ್ಟುತ್ತೆ. ಒಂದು ಕಾಳೂ ಬಾಯಿಗೆ ಸಿಗಲ್ಲ.

“ದನದ ಡಾಕ್ಟ್ರಿಗೆ ತೋರಿಸ್ದೆ ಸಾರ್. ‘ನಾನು ಓದಿರೋದು ಎಮ್ಮೆ ತನಕ’ ಅಂದ್ರು. ಪಕ್ಕದ ಅಂಗಡಿಯೋರು ‘ಸಾರು ಮಾಡ್ಬುಡಿ’ ಅಂದ್ರು. ಅವ್ರ ಜೊತೆ ನಾನು ಮಾತು ಬಿಟ್ಟೆ.” ಬೆರಳಲ್ಲಿ ಬೆಲ್ಲದ ನೀರು ಅದ್ದಿ ಕೊಕ್ಕಿಗೆ ಹಚ್ಚಿದ್ರು. “ಇಷ್ಟರಲ್ಲೇ ಜೀವ ಹಿಡ್ಕೊಂಡಿದೆ. ಎಷ್ಟು ದಿನ ಅಂತ ಹಿಡ್ಕೊಳ್ತದೆ?”

ನಾನು ಸಮಾಧಾನ ಹೇಳೋಕೆ ಹೋಗಿ, ನಮ್ಮ ಆಫೀಸಲ್ಲಿ ಹೀಗೊಂದು ಅನುಕೂಲ ಆಗಿದೆ, ಏನು ಕೇಳಿದ್ರೂ ಹೊರದೇಶದ ಮಿಷಿನ್ನು ಜವಾಬು ಬರೀತದೆ ಅಂದುಬಿಟ್ಟೆ.

ಸಾಬರು ನನ್ನ ಎರಡೂ ಕೈ ಹಿಡ್ಕೊಂಡ್ರು. “ಇವತ್ತೇ ಬರೀರಿ ಸಾರ್. ಆದ್ರೆ ಬರೀ ನಮ್ದು ಕೆಲಸಾನೇ ಹೇಳ್ಬೇಡಿ. ಮನೆಯೋರೆಲ್ಲ ಚೆನ್ನಾಗಿದ್ದಾರಾ ಅಂತ ಒಂದು ಮಾತು ಮೊದಲು ಕೇಳಿ. ನಾವು ಗುಂಡ್ಲುಪೇಟೆಯೋರು, ಮರ್ಯಾದೆ ಬಿಡಬಾರ್ದು.”

ಮಾನ್ಯರೇ

ಹೊರದೇಶಕ್ಕೆ ಹೋಗೋ ಕಾಗದ ಟೈಪಿಸ್ಟು ಬರೆಯೋ ಹಾಗಿಲ್ಲ ಅಂತ ಶಿರಸ್ತೇದಾರ್ರು ಕರಡು ತಾವೇ ಬರೆದ್ರು. ಇಂಗ್ಲಿಷಲ್ಲಿತ್ತು. ನಾನು ಕನ್ನಡದಲ್ಲಿ ಹೇಳ್ತೀನಿ.

ಮಾನ್ಯರೇ, ವಿಷಯ: ಪಾರಿವಾಳದ ಕತ್ತು ತಿರುಚಿರುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಮ್ಮ ಕುಟುಂಬದವರೆಲ್ಲ ಕ್ಷೇಮವೆಂದು ಭಾವಿಸುತ್ತೇವೆ. ಹೀಗೆ ಹೋಗಿ ಹೋಗಿ, ಕೊನೇಲಿ ತಮ್ಮ ವಿಶ್ವಾಸಿ, ಅವರ ಹೆಸರು, ಹುದ್ದೆ, ಅದರ ಕೆಳಗೆ ‘ನಿವೃತ್ತ ಶಿರಸ್ತೇದಾರ್’.

“ಸಾರ್, ಅದಕ್ಕೆ ಇದೆಲ್ಲ ಅರ್ಥ ಆಗಲ್ಲ. ಸಾಲಿಗೊಂದು ಆಜ್ಞೆ ಬರೀಬೇಕು.”

“ಆಜ್ಞೆಯಾ? ಪರಿಚಯ ಇಲ್ಲದ ಅಧಿಕಾರಿಗೆ ನಾನು ಆಜ್ಞೆ ಮಾಡ್ಲಾ? ಸುಮ್ನೆ ಟೈಪ್ ಮಾಡಯ್ಯ.”

ಮಾಡ್ದೆ. ಮಾರನೇ ದಿನ ಜವಾಬು ಬಂತು. ಆ ಮಿಷಿನ್ನಿನ ತಾಳ್ಮೆ ನೋಡಿ, ಇಡೀ ಕಾಗದವನ್ನ ಒಂದೊಂದೇ ಸಾಲು ಓದಿದೆ. ಓದಿ ಒಂದೊಂದು ಸಾಲಿಗೂ ಬೇರೆ ಬೇರೆಯಾಗಿ ಉತ್ತರ ಕೊಟ್ಟಿದೆ.

‘ಮಾನ್ಯರೇ’: ಈ ಆಜ್ಞೆ ತಿಳಿಯಲಿಲ್ಲ.

‘ತಮ್ಮ ಕುಟುಂಬದವರೆಲ್ಲ ಕ್ಷೇಮವೆಂದು’: ಈ ಆಜ್ಞೆ ತಿಳಿಯಲಿಲ್ಲ.

‘ನಿವೃತ್ತ ಶಿರಸ್ತೇದಾರ್’: ಈ ಆಜ್ಞೆ ತಿಳಿಯಲಿಲ್ಲ.

ಅಂತೂ ನಾಚಿಕೆಯಿಂದ ಪರದೆ ಮೇಲಿನ ಸಾಲು ಕೆಳಗಿಳಿಸ್ತಾ ಹೋದೆ. ಆದ್ರೆ ಒಂದು ಕಡೆ ಏನಾಗಿತ್ತು ಅಂದ್ರೆ, ‘ಬಡ ಹಕ್ಕಿಗೆ ದಯಮಾಡಿ’ ಅಂತ ಒಂದು ಸಾಲು ಮುಗಿದು, ಮುಂದಿನ ಸಾಲು ‘ಹೆಲ್ಪ್’ ಅನ್ನೋ ಮಾತಿಂದ ಶುರುವಾಗಿತ್ತು. ಮಿಷಿನ್ನಿಗೆ ಇಡೀ ಕಾಗದದಲ್ಲಿ ಅರ್ಥ ಆಗಿದ್ದು ಅದೊಂದೇ. ಆವತ್ತು ನನಗೆ ಕಳಿಸಿದ್ದ ಅದೇ ಪುಟಗಟ್ಟಲೆ ಪಾಠಾನ ಮತ್ತೊಂದು ಸಲ ಪೂರ್ತಿ ಕಳಿಸಿತ್ತು.

ಶಿರಸ್ತೇದಾರ್ರು ಕನ್ನಡಕ ಒರೆಸಿಕೊಂಡ್ರು. “ನೋಡಿದ್ಯಾ? ಮೊದಲು ಅಷ್ಟು ಸಿಟ್ಟು ಮಾಡಿದ್ರೂ, ಹಕ್ಕಿ ಅಂದ ತಕ್ಷಣ ಕರಗಿಬಿಟ್ಟಿದ್ದಾನೆ.”

ಕ್ವಿಟ್

ಹಕ್ಕಿ ಹಸಿದು ಕೂತಿದೆ, ನಾವು ಮರ್ಯಾದೇಲಿ ಕೂತಿದ್ದೀವಿ. ಕೊನೆಗೆ ಹೇಳಿದೆ: “ಸಾರ್, ಬೇಕಾದ್ರೆ ಮಾನ್ಯರೇ ಇರ್ಲಿ, ಆದ್ರೆ ಕೆಲಸದ ಸಾಲು ಮೊದಲು ಇರ್ಲಿ. ಅದಾದ ಮೇಲೆ ‘ಕ್ವಿಟ್’ ಅಂತ ಬರೀಬೇಕು. ಅಲ್ಲಿಗೆ ಅದು ಓದೋದು ನಿಲ್ಲಿಸ್ತದೆ.”

“ಕ್ವಿಟ್ ಅಂದ್ರೆ?”

“ಸಾಕು, ಇನ್ನು ಹೊರಡು ಅಂತ.”

ಅವರ ಮುಖ ನೋಡಬೇಕಿತ್ತು. “ಅಲ್ಲಯ್ಯ, ಸಹಾಯ ಕೇಳಿ, ಅದರ ಬೆನ್ನಿಗೇ ‘ಹೊರಡು’ ಅನ್ನೋದಾ? ಮೂವತ್ತು ವರ್ಷ ಸರ್ವೀಸಲ್ಲಿ ಒಬ್ಬ ಡೆಪ್ಯುಟಿ ಕಮಿಷನರಿಗಾದ್ರೂ ಹಾಗೆ ಅಂದಿದ್ದೀನಾ?”

ಅನ್ನಬೇಕು ಅಂತ ಅನ್ನಿಸಿದ್ದುಂಟಾ ಅಂತ ನಾನು ಕೇಳಲಿಲ್ಲ. ಹಕ್ಕಿ ಪ್ರಾಣ ಹೋಗ್ತದೆ ಅಂದೆ. ಅವರು ಕಿಟಕಿ ಕಡೆ ತಿರುಗಿ ನಿಂತ್ಕೊಂಡು, “ನಾನು ನೋಡ್ಲಿಲ್ಲ, ನೀನೇ ಹಾಕು” ಅಂದ್ರು. ಹಾಕ್ದೆ. ಮಾರನೇ ದಿನವೇ ಜವಾಬು ಬಂತು: ಪಾರಿವಾಳದ ಬಗ್ಗೆ ನನ್ನಲ್ಲಿ ಇಂತಿಂಥಾ ಫೈಲುಗಳಿವೆ, ಯಾವುದು ಬೇಕು?

ಪಾರಿವಾಳದ ಬಗ್ಗೆ! ಲೋಕದಲ್ಲಿ ಯಾರೋ ಕೂತ್ಕೊಂಡು ಪಾರಿವಾಳದ ಬಗ್ಗೆ ಬರೆದು, ಯಾರು ಬೇಕಾದ್ರೂ ತಗೊಳ್ಳಿ ಅಂತ ಇಟ್ಟುಬಿಟ್ಟಿದ್ದಾರೆ. ನಮ್ಮ ಕಡೆ ಒಂದು ಪಹಣಿ ತಗೊಳ್ಳೋಕೆ ಎಷ್ಟು ಸಲ ಅಲೀಬೇಕು ಅನ್ನೋದು ಶಿರಸ್ತೇದಾರ್ರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ಆ ಪಟ್ಟೀನ ಮೇಲಿಂದ ಕೆಳಗೆ ಇನ್ನೊಂದು ಸಲ ಓದಿದ್ರು.

ಕ್ವಿಟ್ಟಿನ ಮಹಿಮೆ ಅವರಿಗೆ ಎಷ್ಟು ಹಿಡಿಸ್ತು ಅಂದ್ರೆ, ಆ ವಾರ ತಾಲ್ಲೂಕು ಆಫೀಸಿಗೆ ತಮ್ಮ ಜಮೀನಿನ ವಿಷಯಕ್ಕೆ ಬರೆದ ಅರ್ಜೀಲಿ, ‘ತಮ್ಮ ವಿಶ್ವಾಸಿ’ ಇರಬೇಕಾದ ಜಾಗದಲ್ಲಿ ಕ್ವಿಟ್ ಅಂತ ಬರೆದ್ರು. ಅರ್ಜಿ ಅದೇ ದಿನ ವಿಲೇವಾರಿ ಆಯ್ತು.

ಗಜಗಟ್ಟಲೆ ಅಕ್ಷರ

ಆತುರದಲ್ಲಿ ನಾನು ಪಟ್ಟೀಲಿದ್ದ ಮೊದಲನೇ ಫೈಲೇ ಕೇಳಿಬಿಟ್ಟೆ. ಅದು ಚಿತ್ರ. ಆಗ ಚಿತ್ರ ಚಿತ್ರವಾಗಿ ಬರ್ತಿರಲಿಲ್ಲ. ಇಮೇಲು ಬರೀ ಅಕ್ಷರ ಹೊರೋ ಗಾಡಿ ಆದ್ದರಿಂದ, ಚಿತ್ರವನ್ನೂ ಅಕ್ಷರವಾಗಿ ಪುಡಿ ಮಾಡಿ ಕಳಿಸ್ತಿದ್ರು. ಇಲ್ಲಿ ಅದನ್ನ ಮತ್ತೆ ಕೂಡಿಸೋಕೆ ಒಂದು ಪ್ರೋಗ್ರಾಂ ಬೇಕು. ನಮ್ಮ ಹತ್ರ ಇರಲಿಲ್ಲ.

ನಾನು ಊಟಕ್ಕೆ ಹೋಗಿದ್ದಾಗ ಶಿರಸ್ತೇದಾರ್ರು, ಬಂದ ಟಪಾಲು ಪ್ರಿಂಟ್ ಆಗದೆ ಇರಬಾರದು ಅಂತ ಪ್ರಿಂಟ್ ಒತ್ತಿದ್ದಾರೆ. ಬಂದು ನೋಡ್ತೀನಿ, ಪ್ರಿಂಟರು ಕರಕರ ಅಂತ ಒಂದೇ ಸಮನೆ ಕಾಗದ ಕಕ್ಕುತ್ತಾ ಇದೆ. ಕಾಗದ ಮೇಜಿಂದ ಇಳಿದು, ಹೊಸಲು ದಾಟಿ, ಜಗಲಿ ಮೇಲೆ ಹೋಗ್ತಿದೆ. ಆ ಕೊನೇಲಿ ಅಟೆಂಡರು ಅದನ್ನ ಸೀರೆ ಮಡಚೋ ಹಾಗೆ ಮಡಚ್ತಾ ಕೂತಿದ್ದಾನೆ. ಹಾಳೆ ತುಂಬಾ ಇಂಗ್ಲಿಷ್ ಎಂ, ಪರ್ಸೆಂಟು, ನಕ್ಷತ್ರ, ಕಂಸ. ಒಂದು ಪದ ಇಲ್ಲ.

ಅಟೆಂಡರು ಕೇಳಿದ: “ಇದ್ಯಾವ್ ಬಾಸೆ ಸಾ?”

“ಭಾಷೆ ಅಲ್ಲ ಕಣೋ, ಪಾರಿವಾಳದ ಫೋಟೋ.”

ಅವನು ಮಡಚಿದ್ದನ್ನ ಬಿಚ್ಚಿ, ದೂರ ಹಿಡಿದು, ಉಲ್ಟಾ ಮಾಡಿ ನೋಡಿದ. “ಎಲ್ಲೋ ಒಸಿ ರೆಕ್ಕೆ ಕಂಡಂಗಾಯ್ತದೆ ಬುಡಿ.”

ಶಿರಸ್ತೇದಾರ್ರು ಮಾತ್ರ ಕುರ್ಚಿ ಎಳ್ಕೊಂಡು, ಮೊದಲನೇ ಹಾಳೆಯಿಂದ ಸಾಲು ಸಾಲಾಗಿ ಓದ್ತಾ ಇದ್ರು. ಮಧ್ಯೆ ಮಧ್ಯೆ ಪೆನ್ಸಿಲ್ಲಲ್ಲಿ ಗುರುತು ಬೇರೆ.

“ಸಾರ್, ಅದು ಓದೋದಲ್ಲ.”

“ನಾನು ಸರ್ವೆಯೋರ ಟಿಪ್ಪಣಿ ಓದಿ ಬಂದೋನಯ್ಯ,” ಅಂದ್ರು ತಲೆ ಎತ್ತದೆ. “ಅದಕ್ಕೆ ಹೋಲಿಸಿದ್ರೆ ಇದು ಎಷ್ಟೋ ಸ್ಪಷ್ಟವಾಗಿದೆ.”

ಕೊನೇದು ಮೊದಲು

ಎರಡನೇ ಸಲ ಸರಿಯಾದ ಫೈಲು ಕೇಳಿದೆ: ಕಾಯಿಲೆ ಬಿದ್ದ ಪಾರಿವಾಳದ ಆರೈಕೆ. ಫೈಲು ದೊಡ್ಡದಾದ್ದರಿಂದ ಮಿಷಿನ್ನು ಅದನ್ನ ತುಂಡು ಮಾಡಿ ಒಂದೊಂದೇ ಇಮೇಲಾಗಿ ಕಳಿಸ್ತದೆ. ಹೊರಡೋವಾಗ ಸಾಲಾಗೇ ಹೊರಡ್ತವೆ. ದಾರೀಲಿ ಏನಾಗ್ತದೋ, ಸಂತೆಮರಹಳ್ಳಿ ಸಂತೆಗೆ ಹೊರಟ ನೆಂಟರ ಹಾಗೆ, ಹಿಂದಿದ್ದೋರು ಮುಂದೆ ಬಂದು ಇಳೀತಾರೆ.

ಮೊದಲು ಬಂದಿದ್ದು ಕೊನೇ ಭಾಗ. ಗುಂಡ್ಲುಪೇಟೆಗೆ ಫೋನ್ ಮಾಡ್ದೆ. ಸಾಬರು ಮೆಟ್ಟಿಲು ಹತ್ತಿ ಬಂದ ಏದುಸಿರು ಕೇಳ್ತಿತ್ತು.

“ಬಂತು ಸಾಬ್ರೇ! ‘ಇಷ್ಟೆಲ್ಲ ಮಾಡಿದ ಮೇಲೆ ಹಕ್ಕಿಯನ್ನು ನಿಧಾನವಾಗಿ ಹೊರಗೆ ಬಿಡಿ.’”

“ಅಲ್ಹಮ್ದುಲಿಲ್ಲಾ! ಎಷ್ಟೆಲ್ಲ ಮಾಡಿದ ಮೇಲೆ ಸಾರ್?”

“ಅದು ಇನ್ನೂ ಬಂದಿಲ್ಲ.”

ಸಂಜೆಗೆ ಇನ್ನೊಂದು ಭಾಗ. “‘ದಿನಕ್ಕೆ ಎರಡು ಸಲ ಹೀಗೆಯೇ ಮಾಡಬೇಕು, ಹಕ್ಕಿ ಒದ್ದಾಡಿದರೂ ಬಿಡಬೇಡಿ’ ಅಂತಿದೆ.”

“ಹೀಗೆಯೇ ಅಂದ್ರೆ ಹ್ಯಾಗೆ?”

“ಅದು ಬರಬೇಕು.”

“ಒದ್ದಾಡೋಕೆ ಅದರಲ್ಲಿ ಶಕ್ತಿ ಇಲ್ಲ ಸಾರ್,” ಅಂದ್ರು ಸಾಬರು. ಧ್ವನಿ ಸಣ್ಣಗಾಗಿತ್ತು. ನಾನು ಫೋನಿಟ್ಟು, ಬೆಂಗಳೂರಿಗೆ ಮತ್ತೆ ಮತ್ತೆ ನಂಬರು ಹಚ್ತಾ ಕೂತೆ. ಶಿರಸ್ತೇದಾರ್ರು ಮನೆಗೆ ಹೋಗದೆ ನನ್ನ ಬೆನ್ನ ಹಿಂದೆ ನಿಂತೇ ಇದ್ರು. ಮೋಡೆಮ್ಮು ಕಿರುಚಿದಾಗಲೆಲ್ಲ ಅಟೆಂಡರು ಕೈ ಮುಗೀತಿದ್ದ.

ಅಷ್ಟರಲ್ಲಿ ಬಂತು ನೋಡಿ, ಬೇಕಾಗಿದ್ದ ಭಾಗ. ಹಕ್ಕೀನ ಬಟ್ಟೇಲಿ ಸುತ್ತಿ ಹಿಡ್ಕೊಂಡು, ಕೊಕ್ಕು ಬಿಡಿಸಿ, ನೆನೆಸಿದ ಬಟಾಣಿ, ಇಲ್ಲಾಂದ್ರೆ ಹಸಿ ಬಟಾಣಿ, ಒಂದೊಂದೇ ನಾಲಿಗೆ ಹಿಂದಕ್ಕೆ ಇಡಬೇಕು. ಅದೇ ನುಂಗ್ತದೆ. ವಾರಗಟ್ಟಲೆ ಹಿಡಿದ್ರೂ ಎಷ್ಟೋ ಹಕ್ಕಿಗಳ ಕತ್ತು ತಾನಾಗೇ ನೆಟ್ಟಗಾಗ್ತದೆ, ಹಸಿವಿಂದ ಸಾಯದ ಹಾಗೆ ನೋಡ್ಕೊಂಡ್ರೆ ಸಾಕು. ಬೇರೆ ಹಕ್ಕಿಗಳ ಜೊತೆ ಮಾತ್ರ ಇಡಲೇಬಾರದು. ಫೋನಲ್ಲಿ ಓದ್ತಾ ಹೋದೆ. ಆ ಕಡೆ ಸಾಬರು ಅಲ್ಲೇ ಯಾರಿಗೋ ಹಸಿ ಬಟಾಣಿ ತರೋಕೆ ಕೂಗ್ತಿದ್ರು. ಸುಮಾರು ಹೊತ್ತಾದ ಮೇಲೆ ಫೋನಿಗೆ ಬಂದು, “ನುಂಗ್ತು ಸಾರ್” ಅಂದ್ರು. ಸಮುದ್ರದ ಆಚೆಯಿಂದ ಬಂದ ಒಂದು ಸಾಲು, ಗುಂಡ್ಲುಪೇಟೆ ಹಕ್ಕಿ ಗಂಟಲಲ್ಲಿ ಇಳೀತು.

ಮೊದಲನೇ ಭಾಗ ಎಲ್ಲಕ್ಕಿಂತ ಕೊನೇಲಿ, ಮಾರನೇ ದಿನ ಬಂತು. ಅದರ ಮೊದಲನೇ ಸಾಲು: ‘ಗಾಬರಿಯಾಗಬೇಡಿ.’

ನಮ್ಮನೆ ರೋಗಿ

ಬೇರೆ ಹಕ್ಕಿ ಜೊತೆ ಇಡಬಾರದು ಅಂದ್ರೆ ಸಾಬರು ಎಲ್ಲಿಡ್ತಾರೆ? ತಾರಸಿ ತುಂಬಾ ಪಾರಿವಾಳ, ಮನೆ ತುಂಬಾ ಮಕ್ಕಳು. “ನೀವೇ ಇಟ್ಕೊಳ್ಳಿ ಸಾರ್. ಜವಾಬು ನಿಮ್ಮ ಹತ್ರ ತಾನೇ ಬರೋದು,” ಅಂತ, ತೂತು ಹೊಡೆದ ಒಂದು ತಗಡಿನ ಪೆಟ್ಟಿಗೇಲಿ ಬೇಗಂನ ಕೂರಿಸಿ ನನ್ನ ಜೊತೆ ಬಸ್ಸು ಹತ್ತಿಸಿದ್ರು. ಬಸ್ಸು ಬಿಡೋ ತನಕ ಕಿಟಕಿ ಹತ್ರ ನಿಂತು ತೂತಲ್ಲಿ ಅದರ ಜೊತೆ ಉರ್ದೂಲಿ ಮಾತಾಡ್ತಿದ್ರು.

ತೆರಕಣಾಂಬಿ ಹತ್ರ ಕಂಡಕ್ಟರು ಬಂದು ಪೆಟ್ಟಿಗೆ ಒಳಗೆ ಇಣುಕಿದ. ತಲೆಕೆಳಗಾದ ಒಂದು ಕಣ್ಣು ಅವನನ್ನ ನೋಡ್ತು. ಅವನೂ ತಲೆ ಓರೆ ಮಾಡಿ ನೋಡ್ದ. ಚೂರು ಹೊತ್ತು ಇಬ್ಬರೂ ನೋಡ್ಕೊಂಡ್ರು. “ರೈಟ್” ಅಂತ ಮುಂದೆ ಹೋದ.

ಹೆಂಡತಿ ಬಾಗಿಲಲ್ಲೇ ನಿಲ್ಲಿಸಿದ್ಲು. “ಆಫೀಸಲ್ಲಿ ರೇಸ್ಮೆ ಹುಳ ಸಾಕ್ತಿದ್ರಲ್ಲ, ಈಗ ಇದಾ?” ಅಂದ್ಲು. ನಾನು ಪ್ರಿಂಟು ತೆಗೆದು ಓದಿ ಹೇಳ್ದೆ. ಬಟಾಣಿ ಅಂದ ತಕ್ಷಣ ಕೈ ಅಡ್ಡ ಹಿಡಿದ್ಲು.

“ಬಟಾಣಿ ವಾಯು ಕಣ್ರೀ. ಮೊದ್ಲೇ ಅದ್ರ ಕತ್ತು ನೆಟ್ಟಗಿಲ್ಲ.”

“ಇದು ಹೊರದೇಶದೋರು ಬರೆದಿರೋದು ಕಣೇ.”

“ಹೆಸ್ರುಕಾಳು ಕಂಡಿಲ್ದೋರು ಇನ್ನೇನ್ ಬರೀತಾರೆ?”

ಹೆಸರುಕಾಳು ನೆನೆಸಿದ್ಲು. ದಿನಾ ಎರಡು ಸಲ ಸೆರಗಲ್ಲಿ ಸುತ್ತಿ, ತೊಡೆ ಮೇಲಿಟ್ಕೊಂಡು, ಒಂದೊಂದೇ ಕಾಳು ತಿನ್ನಿಸಿದ್ಲು. ನನಗೆ ಊಟಕ್ಕೆ ತಟ್ಟೆ ಇಡೋಳು, ಅದಕ್ಕೆ ತುತ್ತು ಇಡ್ತಿದ್ಲು. ವಾರಗಳು ಕಳೆದ್ವು. ಒಂದು ಬೆಳಿಗ್ಗೆ ಹಜಾರದಲ್ಲಿ ಟಕ್ ಟಕ್ ಅಂತ ಸದ್ದು. ನೋಡಿದ್ರೆ ಬೇಗಂ ಕತ್ತು ನೆಟ್ಟಗೆ ನಿಲ್ಲಿಸ್ಕೊಂಡು ಮೊರದಲ್ಲಿದ್ದ ಕಾಳು ಒಂದೊಂದೇ ಆರಿಸಿ ತಿಂತಾ ಇದೆ. ಒಂದೂ ತಪ್ತಿಲ್ಲ.

ಹೆಂಡತಿ ನನ್ನ ಹಿಂದೆ ಬಂದು ನಿಂತು, ಸೆರಗಿಂದ ಕಣ್ಣು ಒರೆಸ್ಕೊಂಡು, “ಅದು ಇವತ್ತಿನ ಹುಳಿಗೆ ಆರ್ಸಿಟ್ಟಿದ್ದು” ಅಂದ್ಲು.

ಹುಡುಕಿಕೊಡಿ

ಬೇಗಂನ ವಾಪಸ್ ಗುಂಡ್ಲುಪೇಟೆಗೆ ಕೊಟ್ಟು ಬಂದ ದಿನ ಸಾಬರು ನನ್ನನ್ನ ತಬ್ಬಿಕೊಂಡದ್ದು, ನನ್ನ ಅಂಗಿಗೆಲ್ಲ ತಗಡಿನ ಮಸಿ ಆಗಿದ್ದು ಒಂದು ಕಡೆ ಇರ್ಲಿ. ಸ್ವಲ್ಪ ದಿನ ಗೂಡಲ್ಲೇ ಇಟ್ಕೊಂಡಿದ್ರು. ನಾನು ಹೋಗೋ ದಿನ ನೋಡ್ಕೊಂಡು, ನನ್ನೆದುರಿಗೇ ಹಾರಿಸಬೇಕು ಅಂತ ಕಾಯ್ತಿದ್ರು. ಬೆಳಿಗ್ಗೆ ಮೊದಲನೇ ಬಸ್ಸಿಗೇ ಹೋದೆ. ತಾರಸಿ ಮೇಲೆ ಅಕ್ಕಪಕ್ಕದೋರೆಲ್ಲ ಸೇರಿದ್ರು, ಸಾರು ಮಾಡಿ ಅಂದೋರೂ ಬಂದಿದ್ರು.

ಸಾಬರು ಎರಡೂ ಕೈಯಲ್ಲಿ ಎತ್ತಿ ಬಿಟ್ರು. ಬೇಗಂ ಎದ್ಲು. ಹಿಂದೇನೇ ಇಡೀ ಹಿಂಡು ಎದ್ದಿತು. ಒಂದು ಸುತ್ತು, ಎರಡು ಸುತ್ತು, ಗುಂಡ್ಲುಪೇಟೆ ಮೇಲೆ ಹೊಳೆದು ತಿರುಗಿ, ಎತ್ತರ, ಇನ್ನೂ ಎತ್ತರ. ಜನ ಸಿಳ್ಳೆ ಹೊಡೆದ್ರು. ಆಮೇಲೆ ಹಿಂಡು ಇಳೀತು. ಬೇಗಂ ಇಳೀಲಿಲ್ಲ. ಒಂದು ಚುಕ್ಕಿ ಆಗಿ, ಚುಕ್ಕಿನೂ ಇಲ್ಲದ ಹಾಗಾಯ್ತು.

ಕಾದ್ವಿ. ಸಾಬರು ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿ ಕರೆದ್ರು, ಗಂಟಲು ಕಟ್ಟೋ ತನಕ ಕರೆದ್ರು. ಜನ ಒಬ್ಬೊಬ್ಬರೇ ಇಳಿದು ಹೋದ್ರು. ಗಿಡುಗ ಹಿಡೀತು ಅಂದ ಒಬ್ಬ. ಮತ್ತೆ ಕತ್ತು ತಿರುಗಿ ಎಲ್ಲೋ ಬಿತ್ತು ಅಂದ ಇನ್ನೊಬ್ಬ. ಬಿಸಿಲು ನೆತ್ತಿಗೆ ಬಂತು. ಸಾಬರು ನನ್ನ ಕಡೆ ತಿರುಗಿದ್ರು.

“ಸಾರ್, ಅದಕ್ಕೊಂದು ಕಾಗದ ಹಾಕಿ.”

“ಯಾವುದಕ್ಕೆ?”

“ಅದೇ, ನಿಮ್ದು ಮಿಷಿನ್ಗೆ. ನಂದು ಹಕ್ಕಿ ಎಲ್ಲಿದೆ ಅಂತ.”

“ಸಾಬ್ರೇ, ಅದು ಹಾಗಲ್ಲ...”

“ಇಲ್ಲೇ ಇದ್ದ ಡಾಕ್ಟ್ರಿಗೆ ಗೊತ್ತಿಲ್ದೆ ಇರೋದು ಅಲ್ಲಿದ್ದ ಅದಕ್ಕೆ ಗೊತ್ತಿತ್ತು. ಇದು ಗೊತ್ತಿರಲ್ವಾ?”

ಇದಕ್ಕೇನು ಹೇಳ್ತೀರಿ? ಸಿಕ್ಕಿದ ಬಸ್ಸು ಹತ್ತಿ ಚಾಮರಾಜನಗರಕ್ಕೆ ಬಂದು ಶಿರಸ್ತೇದಾರ್ರಿಗೆ ಹೇಳ್ದೆ. ಬೈತಾರೆ ಅಂದ್ಕೊಂಡಿದ್ದೆ. ಅವರು ಸುಮ್ಮನೆ ಕುರ್ಚಿ ಎಳೆದು ಕೊಟ್ಟು, “ಬರಿಯಯ್ಯ, ಕೇಳೋದ್ರಲ್ಲಿ ಏನಿದೆ” ಅಂದ್ರು. ಯಾವ ಮಾತು ಕೊಟ್ರೂ ಲೋಕದ ಉಗ್ರಾಣಗಳಲ್ಲೆಲ್ಲ ಹುಡುಕಿ, ಎಲ್ಲಿದೆ ಅಂತ ಹೇಳೋ ಇನ್ನೊಂದು ಮಿಷಿನ್ನು ಇತ್ತು. ಅದಕ್ಕೆ ಬರೆದೆ: ಹುಡುಕು, ಪಾರಿವಾಳ, ಗುಂಡ್ಲುಪೇಟೆ. ಬುದ್ಧಿ ಇರೋ ಮನುಷ್ಯ ಮಾಡೋ ಕೆಲಸ ಅಲ್ಲ ಅಂತ ಗೊತ್ತಿತ್ತು. ಆದ್ರೂ ಕಳಿಸೋ ಕೀಲಿ ಒತ್ತುವಾಗ, ನಿಜ ಹೇಳ್ತೀನಿ, ಎಲ್ಲೋ ಒಂದು ಮೂಲೇಲಿ ನನಗೂ ಆಸೆ ಇತ್ತು.

ಸಂಜೆ ಹೊತ್ತಿಗೆ ಜವಾಬು ಬಂತು. ಹುಡುಕಲಾಗಿದೆ. ಏನೂ ಸಿಗಲಿಲ್ಲ.

ಗುಂಡ್ಲುಪೇಟೆಗೆ ಫೋನ್ ಮಾಡಿ ಹೇಳ್ದೆ. ಸಾಬರು, “ಅದಕ್ಕೇ ಗೊತ್ತಿಲ್ಲ ಅಂದ್ರೆ ಇಲ್ಲ ಅಂತಾನೇ ಬಿಡಿ ಸಾರ್. ಪಾಪ, ಅಷ್ಟು ದೂರ ಹುಡುಕ್ತಲ್ಲ, ಅದಕ್ಕೆ ನಂದು ಸಲಾಂ ಹೇಳಿ” ಅಂದ್ರು.

ಕಾಲೆಳ್ಕೊಂಡು ಮನೆಗೆ ಹೋದೆ. ಹಿತ್ತಲಲ್ಲಿ ಹೆಂಡತಿ ಬಟ್ಟೆ ತೆಗೀತಿದ್ಲು. ಎಲ್ಲಾ ಬಟ್ಟೆ ತೆಗೆದು, ಹಗ್ಗದ ಒಂದು ಕೊನೇಲಿ ನನ್ನ ಒಂದು ಪಂಚೆ ಮಾತ್ರ ಹಾಗೇ ಬಿಟ್ಟಿದ್ಲು. ಅದರ ಮೇಲೆ ಬೇಗಂ ಕೂತಿದ್ಲು. ಕತ್ತು ನೆಟ್ಟಗೆ, ಹೊಟ್ಟೆ ದುಂಡಗೆ.

“ಬೆಳಿಗ್ಗೆ ನೀವು ಆ ಕಡೆ ಹೋಗಿ ಎಷ್ಟು ಹೊತ್ತಾಗಿತ್ತೋ, ಬಂದು ಬಾಗಿಲು ಕುಕ್ತು,” ಅಂದ್ಲು. “ಹೆಸ್ರುಕಾಳು ನೆನ್ಸಿ ಹಾಕ್ದೆ.”

ನಾನು ಕಲ್ಲಿನ ಮೇಲೆ ಕುಸಿದು ಕೂತ್ಕೊಂಡು, ತಾರಸಿ, ಸಾಬರು, ಮಿಷಿನ್ನು, ಲೋಕವೆಲ್ಲ ಹುಡುಕಿ ಇಲ್ಲ ಅಂದಿದ್ದು, ಎಲ್ಲಾ ಹೇಳ್ದೆ. ಅವಳು ಬಟ್ಟೆ ಮಡಚ್ತಾ ಪೂರ್ತಿ ಕೇಳಿದ್ಲು. ನಗ್ತಾಳೆ ಅಂದ್ಕೊಂಡೆ. ನಗಲಿಲ್ಲ.

“ಮೊದ್ಲು ಸಾಬ್ರಿಗೆ ಫೋನ್ ಮಾಡಿ. ಹಂಗೇ ನಿಮ್ಮ ಮಿಷಿನ್ಗೂ ಒಂದು ಸಾಲು ಬರೆದ್ಬುಡಿ, ಹಕ್ಕಿ ನಮ್ಮನೇಲದೆ ಅಂತ. ನಾಳೆ ಇನ್ಯಾರಾದ್ರೂ ಕೇಳಿದ್ರೆ ಹೇಳ್ಲಿ. ನಾವು ಹೇಳ್ದೆ ಅದಕ್ಕಾದ್ರೂ ಹೆಂಗೆ ಗೊತ್ತಾಗ್ಬೇಕು, ಪಾಪ.”